ಊರು ಬಿಡಿ ಎಂದವರು, ಬಾಗಿಲು ಹಾಕಿ ಎಂದವರು

ಲಂಡನ್ನಿನ ವಾಯವ್ಯ ಭಾಗದ ಕೊಲಿಂಡೇಲ್‌ನಲ್ಲಿ ಒಂದೇ ರಸ್ತೆಯ ಮೇಲೆ ಬಹುಕಾಲ ಎರಡು ಭಂಡಾರಗಳಿದ್ದವು. ಒಂದು ಬ್ರಿಟಿಷ್ ಲೈಬ್ರರಿಯ ಪತ್ರಿಕಾ ಭಂಡಾರ, ಇನ್ನೊಂದು ರೋಗಾಣುಗಳ ಭಂಡಾರ. ಪತ್ರಿಕೆಗಳ ಭಂಡಾರ 2013ರಲ್ಲಿ ಮುಚ್ಚಿತು. ರೋಗಾಣುಗಳು ಇನ್ನೂ ಅಲ್ಲೇ ಇವೆ. 1920ರಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಶುರುವಾದ ಈ ಸಂಗ್ರಹ 1940ರ ದಶಕದ ಕೊನೆಯಲ್ಲಿ ಕೊಲಿಂಡೇಲ್‌ಗೆ ಬಂತು. ಒಣಗಿಸಿದ ರೋಗಾಣುಗಳನ್ನು ಸಣ್ಣ ಗಾಜಿನ ಕೊಳವೆಗಳಲ್ಲಿ ಗಾಳಿಯಾಡದಂತೆ ಮುಚ್ಚಿ, ನಂಬರು ಹಾಕಿ ಇಟ್ಟಿದ್ದಾರೆ. ಮೊದಲ ನಂಬರಿನದು ಮೊದಲ ಮಹಾಯುದ್ಧದ ವೇಳೆ, 1915ರಲ್ಲಿ, ಆಮಶಂಕೆಗೆ ತುತ್ತಾದ ಒಬ್ಬ ಸೈನಿಕನಿಂದ ಬಂದದ್ದು. ಪ್ಲೇಗಿನ ರೋಗಾಣು ಯೆರ್ಸಿನಿಯಾ ಪೆಸ್ಟಿಸ್ ಕೂಡ ಆ ಪಟ್ಟಿಯಲ್ಲಿದೆ.

ಬ್ರಿಟನ್ನಿನ ಆರೋಗ್ಯ ಭದ್ರತಾ ಸಂಸ್ಥೆಯ ಪ್ರಯೋಗಾಲಯಗಳೂ ಅದೇ ಆವರಣದಲ್ಲಿವೆ. ಸಾಂಕ್ರಾಮಿಕ ರೋಗ ಬಂದಾಗ ಜನ ಏನು ಮಾಡಬೇಕು, ಏನು ಮಾಡಬಾರದು ಎಂಬ ಸಲಹೆ ಹೊರಡುವುದು ಇಂಥ ಕಡೆಯಿಂದ. ರೋಗಾಣುವನ್ನು ಕೊಳವೆಯಲ್ಲಿ ಹಿಡಿದಿಟ್ಟವರು ಕೊಡುವ ಸಲಹೆಗೂ, ರೋಗಾಣು ಎಂಬುದೊಂದು ಇದೆಯೆಂದೇ ಗೊತ್ತಿಲ್ಲದವರು ಕೊಟ್ಟ ಸಲಹೆಗೂ ಇರುವ ಅಂತರ ಎಷ್ಟು? ಮೇಲುನೋಟಕ್ಕೆ ಅಜಗಜಾಂತರ. ನಿಜಕ್ಕೂ ಅಷ್ಟಿದೆಯೇ ಎಂದು ಕೇಳುವುದು ಈ ಲೇಖನದ ಉದ್ದೇಶ.

ಹಳೆಯ ಕಾಲದ ಪ್ಲೇಗ್ ಸಲಹೆಗಳನ್ನು ಓದಿದವರಲ್ಲಿ ಕೆಲವರು ನಕ್ಕು ಪಕ್ಕಕ್ಕಿಡುತ್ತಾರೆ. ಕೆಲವರು ಅದರಲ್ಲಿ ತಮಗೆ ಬೇಕಾದ ಒಂದನ್ನು ಹೆಕ್ಕಿ, ನಮ್ಮ ಹಿರಿಯರಿಗೆ ಎಲ್ಲವೂ ಗೊತ್ತಿತ್ತು ಎಂದು ಹೆಮ್ಮೆಪಡುತ್ತಾರೆ. ಎರಡೂ ಅವಸರದ ತೀರ್ಪು. ನನ್ನ ವಾದ ಇಷ್ಟೆ. ಆರೋಗ್ಯದ ಸಲಹೆಯೊಂದು ಜೀವ ಉಳಿಸಬೇಕಾದರೆ ಅದಕ್ಕೆ ಎರಡು ಆಧಾರ ಬೇಕು: ಯಾರೋ ಕಣ್ಣಿಟ್ಟು ನೋಡಿ ಕಂಡುಕೊಂಡ ಸತ್ಯ ಅದರಲ್ಲಿರಬೇಕು, ಕೇಳಿಸಿಕೊಂಡವರಿಗೆ ಅದನ್ನು ಪಾಲಿಸುವ ಅನುಕೂಲ ಇರಬೇಕು. ಮೊದಲನೆಯದನ್ನು ವಿಜ್ಞಾನ ಒದಗಿಸುತ್ತದೆ. ಎರಡನೆಯದನ್ನು ಒದಗಿಸಬೇಕಾದದ್ದು ಸಮಾಜ ಮತ್ತು ಸರ್ಕಾರ. ಎರಡನೆಯದಿಲ್ಲದ ಸಲಹೆಯನ್ನು ಬಡವರು ಪ್ರಾಣ ತೆತ್ತು ಪಾಲಿಸಬೇಕಾಗುತ್ತದೆ. ಲಂಡನ್ನಿನ 1665ರ ಪ್ಲೇಗು, ಕನ್ನಡ ನಾಡಿಗೆ 1898ರ ಸುಮಾರಿಗೆ ಬಂದ ಪ್ಲೇಗು, ಎರಡೂ ಇದಕ್ಕೆ ಸಾಕ್ಷಿ.

1665ರಲ್ಲಿ ಕೊಲಿಂಡೇಲ್ ಎಂಬುದು ಹೆಂಡನ್ ಪ್ಯಾರಿಷ್‌ಗೆ ಸೇರಿದ ಹಳ್ಳಿಗಾಡು. ಅಲ್ಲಿಂದ ಏಳೆಂಟು ಮೈಲಿ ದೂರದ ಲಂಡನ್ ನಗರದಲ್ಲಿ ಆ ವರ್ಷ, ಸಾವಿನ ಸರ್ಕಾರಿ ಪಟ್ಟಿಗಳ ಪ್ರಕಾರವೇ, 68,596 ಮಂದಿ ಪ್ಲೇಗಿನಿಂದ ಸತ್ತರು. ಪಟ್ಟಿಗೆ ಸೇರದ ಸಾವುಗಳು ಬೇರೆ. ಅದು ಪ್ಲೇಗೇ ಹೌದೋ ಅಲ್ಲವೋ ಎಂಬ ಅನುಮಾನವೂ ಬಹುಕಾಲ ಇತ್ತು. ಲಿವರ್‌ಪೂಲ್ ಸ್ಟ್ರೀಟ್ ಬಳಿ ರೈಲು ಸುರಂಗದ ಕೆಲಸದಲ್ಲಿ ಸಿಕ್ಕ ಹಳೆಯ ಸ್ಮಶಾನದ ಅಸ್ಥಿಪಂಜರಗಳ ಹಲ್ಲಿನಲ್ಲಿ ಯೆರ್ಸಿನಿಯಾ ಪೆಸ್ಟಿಸ್‌ನ ಡಿಎನ್‌ಎ ಇದೆಯೆಂದು 2016ರಲ್ಲಿ ಪ್ರಕಟವಾದ ಮೇಲೆ ಆ ಅನುಮಾನ ಹೋಯಿತು.

ಆ ವರ್ಷ ಲಂಡನ್ನಿನ ವೈದ್ಯರ ಕಾಲೇಜು ಹಿಂದೆ 1636ರಲ್ಲಿ ಕೊಟ್ಟಿದ್ದ ಸಲಹೆಗಳನ್ನು ಪರಿಷ್ಕರಿಸಿ ಮತ್ತೆ ಅಚ್ಚು ಹಾಕಿಸಿತು. ಅದರಲ್ಲಿದ್ದ ಒಂದು ಮದ್ದನ್ನು ಹತ್ತಿರದಿಂದ ನೋಡಬಹುದು. ದೊಡ್ಡದೊಂದು ಈರುಳ್ಳಿಯ ಒಳಗನ್ನು ಕೊರೆದು, ಅದರಲ್ಲಿ ಅಂಜೂರ, ಹೆಚ್ಚಿದ ನಾಗದಾಳಿ ಸೊಪ್ಪು, ವೆನಿಸ್ ಟ್ರೀಕಲ್ ಎಂಬ ಲೇಹ್ಯ ತುಂಬಬೇಕು. ಆ ಲೇಹ್ಯಕ್ಕೆ ಹಾವಿನ ಮಾಂಸವೂ ಸೇರಿ ಅರವತ್ತಕ್ಕೂ ಹೆಚ್ಚು ಪದಾರ್ಥಗಳು ಬೀಳುತ್ತಿದ್ದವು. ಈರುಳ್ಳಿಯನ್ನು ಕೆಂಡದಲ್ಲಿ ಸುಟ್ಟು ಬಿಸಿಬಿಸಿಯಾಗಿ ರೋಗಿಯ ಮೈಯಲ್ಲಿ ಎದ್ದ ಗಡ್ಡೆಯ ಮೇಲಿಟ್ಟು ಕಟ್ಟಬೇಕು. ಇನ್ನೊಂದು ಮದ್ದಿಗೆ ಜೀವಂತ ಕೋಳಿ ಬೇಕು. ಅದರ ಬಾಲದ ಪುಕ್ಕ ಕಿತ್ತು ಆ ಜಾಗವನ್ನು ರೋಗಿಯ ಗಡ್ಡೆಗೆ ಒತ್ತಿ ಹಿಡಿಯಬೇಕು. ಕೋಳಿ ವಿಷ ಹೀರಿಕೊಂಡು ಸತ್ತರೆ ಇನ್ನೊಂದು ತರಬೇಕು. ಮನೆಯಲ್ಲಿ ಗಂಧಕ, ರಾಳದ ಹೊಗೆ ಹಾಕಬೇಕು, ವಿನೆಗರ್ ಮೂಸುತ್ತಿರಬೇಕು. ಪುಸ್ತಕದ ಹೊರಗೂ ಸಲಹೆಗಳಿಗೆ ಬರವಿರಲಿಲ್ಲ. ಹೊಗೆಸೊಪ್ಪು ಪ್ಲೇಗನ್ನು ತಡೆಯುತ್ತದೆ ಎಂಬ ನಂಬಿಕೆ ಎಷ್ಟು ಬಲವಾಗಿತ್ತೆಂದರೆ, ಪ್ಲೇಗಿನ ಗುರುತಾಗಿ ಬಾಗಿಲಿಗೆ ಕೆಂಪು ಶಿಲುಬೆ ಬಳಿದ ಮನೆಗಳನ್ನು ಮೊದಲ ಸಲ ಕಂಡ ದಿನ ಲಂಡನ್ನಿನ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ಮೂಸಲು, ಅಗಿಯಲು ಹೊಗೆಸೊಪ್ಪು ಕೊಂಡದ್ದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ.

ಇವೆಲ್ಲಕ್ಕೂ ತಳಹದಿ ಒಂದೇ: ರೋಗ ಕೆಟ್ಟ ಗಾಳಿಯಿಂದ ಬರುತ್ತದೆ ಎಂಬ ನಂಬಿಕೆ. ಗಾಳಿ ಶುದ್ಧಿಯಾಗಲೆಂದು ಸೆಪ್ಟೆಂಬರಿನಲ್ಲಿ ನಗರದ ಬೀದಿಬೀದಿಗಳಲ್ಲಿ ದೊಡ್ಡ ಬೆಂಕಿ ಹಾಕಿಸಿದರು. ಮಳೆ ಬಂದು ಬೆಂಕಿ ನಂದಿತು, ಸಾವು ಏರುತ್ತಲೇ ಇತ್ತು. ನಗರ ಬಿಡದೆ ರೋಗಿಗಳನ್ನು ನೋಡುತ್ತಿದ್ದ ವೈದ್ಯ ನಥಾನಿಯಲ್ ಹಾಡ್ಜಸ್, ಈ ಬೆಂಕಿ ವೈದ್ಯರ ಮಾತು ಮೀರಿ ಹಾಕಿಸಿದ್ದು ಎಂದು ಮುಂದೆ ಬರೆದ. ಅದಕ್ಕಿಂತ ದೊಡ್ಡ ಅವಿವೇಕ ನಾಯಿ ಬೆಕ್ಕುಗಳನ್ನು ಕೊಲ್ಲಿಸಿದ್ದು. ಅವು ರೋಗವನ್ನು ಮೈಮೇಲೆ ಹೊತ್ತು ತರುತ್ತವೆ ಎಂಬುದು ನಗರಾಡಳಿತದ ಭಯ. ಇಲಿ ಹಿಡಿಯುವ ಪ್ರಾಣಿಯನ್ನು ಕೊಂದು ಇಲಿಗಳಿಗೆ ನಗರ ಬಿಟ್ಟುಕೊಟ್ಟಂತಾಯಿತು.

ಆದರೆ ಲಂಡನ್ನಿನ ಬಡವರನ್ನು ಕೊಂದದ್ದು ಈರುಳ್ಳಿಯ ಮದ್ದಲ್ಲ. ಅದು ನಿರುಪಯೋಗಿಯಷ್ಟೆ. ಕೊಂದದ್ದು ನಡವಳಿಕೆಯ ಕುರಿತ ಎರಡು ಸಲಹೆಗಳು, ಮತ್ತು ಅವನ್ನು ಹಂಚಿದ ರೀತಿ. ಬೇಗ ಹೊರಡು, ದೂರ ಹೋಗು, ತಡವಾಗಿ ಬಾ ಎಂಬುದು ಯುರೋಪಿನ ವೈದ್ಯರು ಶತಮಾನಗಳಿಂದ ಹೇಳಿಕೊಂಡು ಬಂದ ಬುದ್ಧಿಮಾತು. ಆ ಮಾತು ನಿಜಕ್ಕೂ ಒಳ್ಳೆಯದು. ಅದನ್ನು ಪಾಲಿಸಿದವರು ಯಾರು? ರಾಜ ಎರಡನೆಯ ಚಾರ್ಲ್ಸ್ ಪರಿವಾರ ಸಮೇತ ಸಾಲಿಸ್ಬರಿಗೆ, ಅಲ್ಲಿಂದ ಆಕ್ಸ್‌ಫರ್ಡಿಗೆ ಹೋದ. ಶ್ರೀಮಂತ ವರ್ತಕರು, ವಕೀಲರು, ಅನೇಕ ಪಾದ್ರಿಗಳು, ಸಲಹೆ ಬರೆದ ಕಾಲೇಜಿನ ವೈದ್ಯರಲ್ಲೇ ಬಹಳ ಮಂದಿ ಗಾಡಿ ಕಟ್ಟಿಕೊಂಡು ಹಳ್ಳಿಗಳಿಗೆ ಹೊರಟರು. ಗಾಡಿಯಾಗಲಿ, ಹಳ್ಳಿಯಲ್ಲೊಂದು ಮನೆಯಾಗಲಿ ಇಲ್ಲದವರಿಗೆ ಬೇರೊಂದು ಕಟ್ಟಳೆ ಕಾದಿತ್ತು. ಮನೆಯಲ್ಲಿ ಒಬ್ಬರಿಗೆ ಗಡ್ಡೆ ಎದ್ದರೆ ಎಲ್ಲರನ್ನೂ ಒಳಗೆ ಹಾಕಿ, ಹೊರಗಿನಿಂದ ಬೀಗ ಜಡಿದು, ಬಾಗಿಲ ಮೇಲೆ ಒಂದಡಿ ಉದ್ದದ ಕೆಂಪು ಶಿಲುಬೆ ಬಳಿದು, ದೇವರೇ ಕಾಪಾಡು ಎಂಬ ಪ್ರಾರ್ಥನೆ ಬರೆದು, ಹಗಲೂ ರಾತ್ರಿ ಕಾವಲು ಕೂರಿಸುತ್ತಿದ್ದರು. ವಾರಗಟ್ಟಲೆ ಆ ಬಾಗಿಲು ತೆರೆಯುತ್ತಿರಲಿಲ್ಲ.

ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟ ಎಂದು ಗೊತ್ತಿರುವ ನಮಗೆ ಇದರ ಭೀಕರತೆ ಅಂದಿನವರಿಗಿಂತ ಹೆಚ್ಚು ತಿಳಿಯುತ್ತದೆ. ಚಿಗಟವಿದ್ದ ಮನೆಯಲ್ಲೇ ಆರೋಗ್ಯವಂತರನ್ನು ಕೂಡಿಹಾಕಿದ್ದರು. ಇದು ಸರಿಯಲ್ಲವೆಂದು ವಾದಿಸುವ ಕಿರುಹೊತ್ತಿಗೆಗಳು ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದವು. ರೋಗಿಯನ್ನೂ ಆರೋಗ್ಯವಂತರನ್ನೂ ಬೇರೆ ಬೇರೆ ಇಡಬೇಕು ಎನ್ನಲು ರೋಗಾಣುಶಾಸ್ತ್ರ ಬೇಕಾಗಿರಲಿಲ್ಲ, ಒಂದೇ ಮನೆಯಿಂದ ಒಂದರ ಹಿಂದೊಂದು ಹೆಣ ಹೊರಡುವುದನ್ನು ಕಂಡಿದ್ದರೆ ಸಾಕಿತ್ತು. ಆದರೂ ಕಟ್ಟಳೆ ಬದಲಾಗಲಿಲ್ಲ. ಅದನ್ನು ಮಾಡಿದವರ ಮನೆಗೆ ಅದರ ಬಿಸಿ ತಟ್ಟುವ ಸಂಭವ ಕಡಿಮೆಯಿತ್ತು.

ಈಗ ನಮ್ಮ ಕಡೆಯ ಸಲಹೆಗಳನ್ನು ನೋಡೋಣ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋಧ್ವಂಸದ ಬಗ್ಗೆ ಒಂದು ಅಧ್ಯಾಯವೇ ಇದೆ. ಬೇರೆ ಬೇರೆ ಪ್ರಕೃತಿಯ, ಬೇರೆ ಬೇರೆ ಆಹಾರದ ಜನ ಒಂದೇ ಕಾಲಕ್ಕೆ ಒಂದೇ ರೋಗದಿಂದ ಸಾಯುವುದೇಕೆ ಎಂಬುದು ಅಲ್ಲಿನ ಪ್ರಶ್ನೆ. ಗಾಳಿ, ನೀರು, ನೆಲ, ಕಾಲ ಈ ನಾಲ್ಕೂ ಕೆಡುವುದರಿಂದ ಎಂಬುದು ಉತ್ತರ. ಅದಕ್ಕೂ ಮೂಲ ಕಾರಣವೆಂದು ಆಳುವವರ ಅಧರ್ಮವನ್ನು ಚರಕ ಸಂಹಿತೆ ಹೆಸರಿಸುತ್ತದೆ. ಇಂಥ ಹೊತ್ತಿನಲ್ಲಿ ಮಾಡಬೇಕಾದವುಗಳಲ್ಲಿ ಸುಶ್ರುತ ಸಂಹಿತೆ ಮೊದಲು ಹೇಳುವುದು ಸ್ಥಾನಪರಿತ್ಯಾಗವನ್ನು, ಅಂದರೆ ಆ ಜಾಗ ಬಿಡುವುದನ್ನು. ಅದರ ಜೊತೆಯಲ್ಲೇ ಶಾಂತಿ, ಪ್ರಾಯಶ್ಚಿತ್ತ, ಜಪ, ಹೋಮಗಳೂ ಬರುತ್ತವೆ. ಗ್ರೀಕ್ ಪರಂಪರೆಯ ಲಂಡನ್ ವೈದ್ಯರಂತೆಯೇ ಇಲ್ಲೂ ಕೆಟ್ಟ ಗಾಳಿಯ ಕಲ್ಪನೆಯಿದೆ, ಇಲ್ಲೂ ದೂರ ಹೋಗು ಎಂಬ ಮಾತಿದೆ. ಸಿದ್ಧಾಂತದ ಮಟ್ಟದಲ್ಲಿ ಒಬ್ಬರು ಇನ್ನೊಬ್ಬರಿಗಿಂತ ಮುಂದಿದ್ದರು ಎನ್ನಲು ಆಧಾರ ಕಾಣುವುದಿಲ್ಲ.

ವ್ಯತ್ಯಾಸ ಕಾಣುವುದು ಗ್ರಂಥಗಳಲ್ಲಲ್ಲ, ಹಳ್ಳಿಗಳಲ್ಲಿ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ರೈಲಿನ ದಾರಿ ಹಿಡಿದು ಹುಬ್ಬಳ್ಳಿ, ಧಾರವಾಡಗಳಿಗೆ, 1898ರ ಆಗಸ್ಟ್ ಹೊತ್ತಿಗೆ ಬೆಂಗಳೂರಿಗೆ, ಅಲ್ಲಿಂದ ಮೈಸೂರಿಗೆ, ಮುಂದೆ ಹಳ್ಳಿಹಳ್ಳಿಗೆ ಹರಡಿತು. ಅರ್ಧ ಶತಮಾನದ ಕಾಲ ಸುಗ್ಗಿ ಕಳೆದ ಮೇಲೋ ಮಳೆ ಹಿಂದೆಗೆದ ಮೇಲೋ ಮತ್ತೆ ಮತ್ತೆ ಬರುತ್ತಿತ್ತು. ಈ ಅನುಭವದಿಂದ ಹಳ್ಳಿಯವರು ಒಂದು ಲಕ್ಷಣ ಕಂಡುಕೊಂಡರು. ಜನ ಸಾಯುವ ಮೊದಲು ಇಲಿ ಸಾಯುತ್ತದೆ. ಅಟ್ಟದಿಂದಲೋ ಸೂರಿನಿಂದಲೋ ಒಂದು ಇಲಿ ನಡುಮನೆಯಲ್ಲಿ ಬಿದ್ದು, ಗಿರಗಿರನೆ ತಿರುಗಿ ಸತ್ತರೆ, ಅದನ್ನು ಇಲಿ ಬಿತ್ತು ಎನ್ನುತ್ತಿದ್ದರು. ಆ ಎರಡು ಮಾತು ಊರಿನಲ್ಲಿ ಹಬ್ಬಿದರೆ ಮುಗಿಯಿತು. ಹಿರಿಯರು ಸೇರಿ ಊರು ಬಿಡುವ ತೀರ್ಮಾನ ಮಾಡುತ್ತಿದ್ದರು. ತೋಪಿನಲ್ಲಿ, ಹೊಲದ ಬದಿಯಲ್ಲಿ, ಗೋಮಾಳದಲ್ಲಿ ಗಳ ನೆಟ್ಟು, ತೆಂಗಿನ ಗರಿ, ಸೋಗೆ ಹೊದಿಸಿ ಗುಡಿಸಲು ಹಾಕಿಕೊಂಡು ಒಂದೆರಡು ತಿಂಗಳು ಅಲ್ಲೇ ಸಂಸಾರ. ಖಾಲಿಯಾದ ಮನೆಗಳ ಹೆಂಚು ತೆಗೆದು ಒಳಗೆ ಬಿಸಿಲು ಬೀಳುವಂತೆ ಮಾಡುವುದೂ ಇತ್ತು. ಎಸ್.ಎಲ್. ಭೈರಪ್ಪನವರ 'ಗೃಹಭಂಗ' ಕಾದಂಬರಿಯನ್ನು ಓದಿದವರಿಗೆ ಈ ಬದುಕು ಹೊಸದಲ್ಲ. ನಂಜಮ್ಮನ ಎದೆಯೆತ್ತರ ಬೆಳೆದ ಎರಡು ಮಕ್ಕಳನ್ನು ಪ್ಲೇಗು ಕೊಂಡೊಯ್ಯುವ ಪುಟಗಳನ್ನು ಮರೆಯುವುದು ಕಷ್ಟ.

ಊರು ಬಿಡುವುದು ಏಕೆ ಫಲ ಕೊಟ್ಟಿತು ಎಂಬುದನ್ನು ಮುಂದೆ ವಿಜ್ಞಾನ ವಿವರಿಸಿತು. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ರೋಗಾಣುವನ್ನು ಗುರುತಿಸಿದ. 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯ, ಇಲಿಯಿಂದ ರೋಗವನ್ನು ದಾಟಿಸುವುದು ಚಿಗಟ ಎಂದು ತೋರಿಸಿದ. ಹಲವು ವರ್ಷ ಯಾರೂ ಅವನನ್ನು ನಂಬಲಿಲ್ಲ. 1905ರಲ್ಲಿ ಪ್ಲೇಗ್ ಸಂಶೋಧನಾ ಆಯೋಗ ಮುಂಬಯಿಯಲ್ಲಿ ಕೆಲಸ ಶುರುಮಾಡಿತು. ಕೊಲಿಂಡೇಲ್‌ನ ಭಂಡಾರ ಯಾವ ಲಿಸ್ಟರ್ ಸಂಸ್ಥೆಯಲ್ಲಿ ಹುಟ್ಟಿತೋ ಅದೇ ಸಂಸ್ಥೆ ಈ ಆಯೋಗದ ಬೆನ್ನಿಗಿತ್ತು. ಇಲಿ ಸತ್ತ ಕೋಣೆಗಳಲ್ಲಿ ಆಯೋಗದವರು ಗಿನಿಯಿಲಿಗಳ ಪಂಜರಗಳನ್ನು ಇಟ್ಟರು. ನೆಲದ ಮೇಲಿದ್ದ ಪಂಜರದ ಗಿನಿಯಿಲಿಗಳಿಗೆ ಪ್ಲೇಗು ಬಂತು. ಚಿಗಟ ನೆಗೆಯಲಾರದಷ್ಟು ಎತ್ತರಕ್ಕೆ ತೂಗುಹಾಕಿದ ಪಂಜರದವು ಬದುಕಿದವು. ಎರಡಕ್ಕೂ ಒಂದೇ ಗಾಳಿ, ಒಂದೇ ಕೋಣೆ. ಎರಡು ಸಾವಿರ ವರ್ಷಗಳ ಕೆಟ್ಟ ಗಾಳಿಯ ಸಿದ್ಧಾಂತ ಅಲ್ಲಿಗೆ ಬಿತ್ತು. 1914ರಲ್ಲಿ ಲಿಸ್ಟರ್ ಸಂಸ್ಥೆಯ ಬೇಕಾಟ್ ಮತ್ತು ಮಾರ್ಟಿನ್ ಚಿಗಟದ ಒಳಗನ್ನೇ ನೋಡಿದರು. ರೋಗಾಣು ಚಿಗಟದ ಅನ್ನನಾಳದ ತುದಿಯಲ್ಲಿ ಬೆಳೆದು ದಾರಿ ಕಟ್ಟುತ್ತದೆ. ಹೀರಿದ ರಕ್ತ ಹೊಟ್ಟೆಗೆ ಇಳಿಯುವುದಿಲ್ಲ. ಹಸಿದ ಚಿಗಟ ಮತ್ತೆ ಮತ್ತೆ ಕಚ್ಚುತ್ತದೆ. ಕಚ್ಚಿದಾಗೆಲ್ಲ ರೋಗಾಣು ಬೆರೆತ ರಕ್ತವನ್ನು ಗಾಯಕ್ಕೆ ಕಾರುತ್ತದೆ.

ಸತ್ತ ಇಲಿಯ ಮೈ ತಣ್ಣಗಾದೊಡನೆ ಚಿಗಟ ಅದನ್ನು ಬಿಟ್ಟು ಬೇರೆ ಬಿಸಿ ಮೈ ಹುಡುಕುತ್ತದೆ. ಇಲಿ ಬಿದ್ದ ಗಳಿಗೆಯೇ ಮನುಷ್ಯನಿಗೆ ಅಪಾಯ ಶುರುವಾಗುವ ಗಳಿಗೆ. ಆ ಹೊತ್ತಿಗೆ ಮನೆ ಬಿಟ್ಟವನು ಚಿಗಟದ ಅಳವಿನಿಂದ ತಪ್ಪಿಸಿಕೊಂಡ. ಖಾಲಿ ಮನೆಯಲ್ಲಿ ಚಿಗಟ ಹಸಿವಿನಿಂದಲೂ ಬಿಸಿಲಿನಿಂದಲೂ ಸತ್ತಿತು. ಇಲಿ ಬಿದ್ದರೆ ಊರು ಬಿಡು ಎಂದ ಹಳ್ಳಿಯವರಿಗೆ ಚಿಗಟದ ಅನ್ನನಾಳ ಗೊತ್ತಿರಲಿಲ್ಲ, ಮಾರಿಯ ಮುನಿಸು ಎಂಬುದೇ ಅವರ ವಿವರಣೆ. ವಿವರಣೆ ತಪ್ಪು, ಗಮನಿಸಿದ್ದು ಸರಿ. ಸಲಹೆ ನಿಂತಿದ್ದು ಗಮನಿಸಿದ್ದರ ಮೇಲೆ. 1665ರ ಲಂಡನ್ನಿನಲ್ಲಿ ಇದಕ್ಕೆ ತದ್ವಿರುದ್ಧ: ವಿವರಣೆ ಪಾಂಡಿತ್ಯಪೂರ್ಣ, ಕಣ್ಣೆದುರಿನ ಇಲಿಯನ್ನು ಲೆಕ್ಕಕ್ಕೆ ತೆಗೆದುಕೊಂಡವರಿಲ್ಲ.

ಇನ್ನೂ ಮುಖ್ಯವಾದ ವ್ಯತ್ಯಾಸ ಬೇರೆಯಿದೆ. ಲಂಡನ್ನಿನಲ್ಲಿ ಊರು ಬಿಟ್ಟವರು ಒಬ್ಬೊಬ್ಬರಾಗಿ, ತಂತಮ್ಮ ಹಣದ ಬಲದಿಂದ ಬಿಟ್ಟರು. ನಮ್ಮ ಹಳ್ಳಿಗಳಲ್ಲಿ ಊರು ಊರಾಗಿಯೇ ಎದ್ದಿತು. ಅದಕ್ಕೆ ಕಾರಣ ಹಳ್ಳಿಯವರು ಹೆಚ್ಚು ಕರುಣಾಳುಗಳು ಎಂಬುದಲ್ಲ. ಹೋಗಲು ಎಲ್ಲರಿಗೂ ಸೇರಿದ ಜಾಗವಿತ್ತು, ಕಟ್ಟಲು ಬಿದಿರು, ಗರಿ ಕೈಯಳತೆಯಲ್ಲೇ ಸಿಗುತ್ತಿದ್ದವು, ದುಡಿಯುವ ಹೊಲ ಗುಡಿಸಲಿನ ಪಕ್ಕದಲ್ಲೇ ಇತ್ತು. ಮನೆ ಬಿಟ್ಟರೂ ಹೊಟ್ಟೆಪಾಡು ಬಿಟ್ಟುಹೋಗುತ್ತಿರಲಿಲ್ಲ. ಗೋಮಾಳವಿಲ್ಲದ ಊರಿನಲ್ಲಿ, ತೋಪಿಲ್ಲದ ಪೇಟೆಯಲ್ಲಿ ಅದೇ ಸಲಹೆ ಬರೀ ಮಾತಾಗುತ್ತಿತ್ತು. ಪುರಾತನ ಜ್ಞಾನದ ಹೆಮ್ಮೆ ಪಡುವವರು ಗೋಮಾಳದ ಬಗ್ಗೆಯೂ ಮಾತಾಡಬೇಕು.

ಆ ಗುಡಿಸಲ ಬದುಕನ್ನು ಚಂದಗಾಣಿಸುವುದೂ ಬೇಡ. ಗರಿಯ ಸೂರಿಗೆ ಒಂದು ಕಿಡಿ ಬಿದ್ದರೆ ಸಾಲು ಗುಡಿಸಲು ಬೂದಿಯಾಗುತ್ತಿತ್ತು. ಬಿಟ್ಟು ಬಂದ ಮನೆಯಲ್ಲಿ ಕಳ್ಳತನ, ಬಯಲಿನಲ್ಲಿ ಚಳಿ, ಬಾಣಂತಿಯರ ಪಾಡು. ಊರೊಳಗೆ ಯಾರು ಯಾರ ಪಕ್ಕ ಇರಬೇಕೆಂದು ಜಾತಿ ಹಾಕಿದ ಗೆರೆಗಳು ಗುಡಿಸಲ ಸಾಲಿನಲ್ಲೂ ಅಳಿಯಲಿಲ್ಲ. ಹಾಸಿಗೆ, ದವಸದ ಮೂಟೆಗಳ ಜೊತೆ ಚಿಗಟವೂ ಗಾಡಿಯೇರುತ್ತಿತ್ತು. ಹೆದರಿ ನೆಂಟರೂರಿಗೆ ಹೋದವರು ಅಲ್ಲಿಗೂ ರೋಗ ಒಯ್ದರು. ಎಷ್ಟೋ ಊರುಗಳಲ್ಲಿ ಪ್ಲೇಗಮ್ಮನಿಗೆ ಗುಡಿ ಎದ್ದವು. ಗುಡಿ ದುಃಖಕ್ಕೆ ಒಂದು ನೆಲೆ ಕೊಟ್ಟಿತು, ರೋಗ ತಡೆಯಲಿಲ್ಲ. ಈ ಎರಡನ್ನೂ ಒಟ್ಟಿಗೆ ಹೇಳಬೇಕು. ಇಲಿಯ ಲಕ್ಷಣ ಹಿಡಿದವರೂ ಅವರೇ, ಜಾತ್ರೆ ಮಾಡಿ ಜನ ಸೇರಿಸಿದವರೂ ಅವರೇ. ಹಿರಿಯರು ಹೇಳಿದ್ದೆಲ್ಲ ಸರಿ ಎಂದು ಒಟ್ಟಾಗಿ ಒಪ್ಪುವ ಬದಲು ಒಂದೊಂದನ್ನೂ ಬಿಡಿಸಿ ಪರೀಕ್ಷಿಸುವುದೇ ಅವರಿಗೆ ತೋರುವ ಗೌರವ.

ಅದೇ ಊರು ಬಿಡು ಎಂಬ ಮಾತು ಸರ್ಕಾರದ ಬಾಯಿಂದ ಬಂದಾಗ ಏನಾಯಿತು? 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಮನೆ ಹೊಕ್ಕು ತಪಾಸಣೆ ಮಾಡುವ, ಜನರನ್ನು ಎಳೆದೊಯ್ದು ಕ್ಯಾಂಪಿಗೆ ಹಾಕುವ, ಸಾಮಾನು ಸುಡುವ, ರೈಲಿನಿಂದ ಇಳಿಸಿ ಕಂಕುಳು ಮುಟ್ಟಿ ನೋಡುವ ಅಧಿಕಾರ ಸಿಕ್ಕಿತು. ಪುಣೆಯಲ್ಲಿ ಸಿಪಾಯಿಗಳು ಅಡುಗೆಮನೆ, ದೇವರಮನೆಗಳಿಗೆ ನುಗ್ಗಿದರು. ಆ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಚಾಪೇಕರ್ ಸಹೋದರರು ಗುಂಡಿಟ್ಟರು. ಮೈಸೂರು ಸಂಸ್ಥಾನದಲ್ಲೂ 1898ರಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಜನ ದಂಗೆ ಎದ್ದರು. ತಾವಾಗಿ ಊರು ಬಿಡುತ್ತಿದ್ದ ಜನವೇ ಪೊಲೀಸರು ಬಿಡಿಸಲು ಬಂದಾಗ ಕಲ್ಲು ಹಿಡಿದದ್ದು ಏಕೆ? ಕ್ಯಾಂಪಿನಲ್ಲಿ ಉಣ್ಣುವ ಅನ್ನ ಯಾರು ಬೇಯಿಸಿದ್ದು, ಹೆಂಗಸರನ್ನು ಮುಟ್ಟುವವರು ಯಾರು, ಸತ್ತರೆ ಹೆಣ ಮನೆಯವರ ಕೈಗೆ ಸಿಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವವರಿರಲಿಲ್ಲ. ಹೆದರಿದವರು ಜ್ವರ ಮುಚ್ಚಿಟ್ಟರು, ಗಡ್ಡೆ ಮುಚ್ಚಿಟ್ಟರು, ಹೆಣವನ್ನೂ ಬಚ್ಚಿಟ್ಟರು. ರೋಗ ಕತ್ತಲಲ್ಲಿ ಹರಡಿತು. ಬಲಪ್ರಯೋಗದಿಂದ ಲಾಭಕ್ಕಿಂತ ನಷ್ಟವೇ ಹೆಚ್ಚೆಂದು ಕಂಡ ಮೇಲೆ ಸರ್ಕಾರವೇ ಕ್ರಮೇಣ ಕೈ ಸಡಿಲಿಸಿತು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಇದೆ. ಜನ ಒಪ್ಪುವ ತನಕ ಕಾಯುತ್ತ ಕೂತರೆ ಪಿಡುಗು ಕಾಯುತ್ತದೆಯೇ, ಸ್ವಲ್ಪ ಬಿಗಿ ಬೇಡವೇ? ಬಿಗಿ ಬೇಕಾಗುವ ಸಂದರ್ಭಗಳಿವೆ, ಒಪ್ಪುತ್ತೇನೆ. ಆದರೆ ಅದೇ ಕಾಲದಲ್ಲಿ, ಅದೇ ಸರ್ಕಾರದ ಕೆಳಗೆ, ಹುಬ್ಬಳ್ಳಿಯಲ್ಲಿ ನಡೆದದ್ದನ್ನು ನೋಡಿ. ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಯ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನ ಒಂದು ಸಣ್ಣ ಕೋಣೆಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟು ರೋಗಾಣು ಬೆಳೆಸಿ, ಅದನ್ನು ಬಿಸಿ ಮಾಡಿ ಕೊಂದು ಮಾಡಿದ ಲಸಿಕೆ ಅದು. ಆ ಸಾರಿಗೆ ಅವನು ದನದ್ದೂ ಹಂದಿಯದೂ ಬಿಟ್ಟು ಮೇಕೆಯ ಮಾಂಸ ಬಳಸಿದ. ಯಾರ ಮೈಗೆ ಈ ಮದ್ದು ಹೋಗಬೇಕೋ ಅವರ ಮನಸ್ಸನ್ನೂ ಪ್ರಯೋಗಾಲಯದಲ್ಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದ. 1898ರಲ್ಲಿ ಹುಬ್ಬಳ್ಳಿಗೆ ಪಿಡುಗು ಬಡಿದಾಗ ಲ್ಯೂಮನ್ ಎಂಬ ವೈದ್ಯಾಧಿಕಾರಿಯೂ ಅವನ ಜೊತೆಗಾರರೂ ಕೆಲವೇ ತಿಂಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಸೂಜಿ ಹಾಕಿದರು. ಐವತ್ತು ಸಾವಿರದ ಆಸುಪಾಸಿನ ಜನಸಂಖ್ಯೆಯ ಊರದು. ಸೂಜಿ ಹಾಕಿಸಿಕೊಂಡವರಲ್ಲೂ ಸಾವುಗಳಾದವು, ಆದರೆ ಹಾಕಿಸಿಕೊಳ್ಳದವರಿಗಿಂತ ಬಹಳ ಕಡಿಮೆ. ಕ್ಯಾಂಪಿಗೆ ಹೆದರಿ ಓಡುತ್ತಿದ್ದ ಕಾಲದಲ್ಲಿ ಅಷ್ಟು ಜನ ತೋಳು ಚಾಚಿದ್ದು ಸಣ್ಣ ಸಂಗತಿಯಲ್ಲ. ಪಕ್ಕದ ಮನೆಯವನು ಸೂಜಿ ಹಾಕಿಸಿಕೊಂಡು ಬದುಕಿದ್ದನ್ನು ಅವರು ಕಂಡಿದ್ದರು.

ನಂಬಿಕೆ ಎಷ್ಟು ನಾಜೂಕು ಎಂಬುದೂ ಬೇಗ ಗೊತ್ತಾಯಿತು. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಬಾಟಲಿಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್ಕಿನ್‌ನ ಮೇಲೆ ದೋಷ ಹೊರಿಸಿದರು. ತಪ್ಪು ಅವನ ಪ್ರಯೋಗಾಲಯದ್ದಲ್ಲ ಎಂದು ವಿಜ್ಞಾನಿ ರೊನಾಲ್ಡ್ ರಾಸ್ ಮೊದಲಾದವರು ವಾದಿಸಿ, 1907ರಲ್ಲಿ ಅವನ ಮೇಲಿನ ಆರೋಪ ತೊಡೆದುಹೋಗುವಷ್ಟರಲ್ಲಿ ವರ್ಷಗಳು ಕಳೆದಿದ್ದವು. ತಪ್ಪು ನಡೆದಾಗ ತಡಮಾಡದೆ, ಮುಚ್ಚುಮರೆಯಿಲ್ಲದೆ ತನಿಖೆ ನಡೆಸಿ ಜನರಿಗೆ ತಿಳಿಸಿದರೆ ಮಾತ್ರ ಸಲಹೆ ಕೊಡುವವರ ಮಾತಿಗೆ ಬೆಲೆ ಉಳಿಯುತ್ತದೆ.

ಕೆಲವು ಸಲಹೆಗಳು ಇಟ್ಟಿಗೆ ಗಾರೆಯ ರೂಪ ಪಡೆದವು. ಬೆಂಗಳೂರಿನ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಅಗಲ ರಸ್ತೆ, ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಗಾಳಿ ಬೆಳಕು. ದಂಡು ಪ್ರದೇಶದಲ್ಲಿ ಫ್ರೇಜರ್ ಟೌನ್ ಇಲಿ ನುಗ್ಗದಂಥ ಮನೆಗಳ ಬಡಾವಣೆಯಾಗಿ ರೂಪುಗೊಂಡಿತು. ಪ್ಲೇಗು ತಾಗದ ನಗರ ಯೋಜನೆಯ ಬಗ್ಗೆ ಜೆ.ಎಚ್. ಸ್ಟೀಫನ್ಸ್ ಬರೆದ ಪುಸ್ತಕ 1914ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಜಾಗರೂಕರಾಗಿರಿ ಎಂದು ಹೇಳುವುದಕ್ಕಿಂತ ಜಾಗರೂಕರಾಗಿರಲು ಬೇಕಾದ ಮನೆ ಕಟ್ಟಿಕೊಡುವುದು ಎಷ್ಟೋ ದೊಡ್ಡ ಕೆಲಸ. ಆದರೆ ಹೊಸ ಬಡಾವಣೆಗಳ ನಿವೇಶನ ಜಾತಿವಾರು ಬ್ಲಾಕುಗಳಲ್ಲಿ ಹಂಚಿಹೋಯಿತು. ಕೊಂಡು ಕಟ್ಟಲು ಶಕ್ತಿಯಿದ್ದ ಗುಮಾಸ್ತರು, ವಕೀಲರು, ಉಪಾಧ್ಯಾಯರು ಅಲ್ಲಿಗೆ ಹೋದರು. ಪೇಟೆಯ ಮಗ್ಗದವರು, ಹಮಾಲಿಗಳು ಹೆಚ್ಚಿನಂಶ ಇದ್ದಲ್ಲೇ ಉಳಿದರು. ಲಂಡನ್ನಿನ ಗಾಡಿಗಳ ಕಥೆ ಇಲ್ಲಿ ನಿವೇಶನಗಳ ಕಥೆಯಾಯಿತು.

ಈ ಎಲ್ಲವೂ ಮುಗಿದುಹೋದ ಚರಿತ್ರೆ ಎನ್ನುವಂತಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಬ್ರಿಟನ್ನಿನಲ್ಲಿ ಆ ವೈರಸ್ಸಿನ ಪರೀಕ್ಷೆಯ ಕೆಲಸ ಮೊದಲು ಹೊತ್ತ ಪ್ರಯೋಗಾಲಯಗಳಲ್ಲಿ ಕೊಲಿಂಡೇಲ್ ಒಂದು. ಜ್ವರ ಬಂದರೆ ಮನೆಯಲ್ಲೇ ಇರಿ ಎಂಬ ಸಲಹೆ ವಿಜ್ಞಾನದ ದೃಷ್ಟಿಯಿಂದ ಸರಿಯಾಗಿಯೇ ಇತ್ತು. ಆದರೆ ಕಾಯಿಲೆ ರಜೆಗೆ ಕಾನೂನು ಕೊಡಿಸುತ್ತಿದ್ದದ್ದು ವಾರಕ್ಕೆ ಸುಮಾರು 95 ಪೌಂಡ್. ಲಂಡನ್ನಿನ ಬಾಡಿಗೆ ಗೊತ್ತಿರುವ ಯಾರಿಗೂ ಆ ಮೊತ್ತದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವ, ನಮ್ಮಂಥ ಅನೇಕ ವಲಸಿಗ ಕುಟುಂಬಗಳಿಗೆ ಮನೆಯಲ್ಲೇ ಇರುವುದು ಅನಾನುಕೂಲವಷ್ಟೆ. ಬಸ್ ಓಡಿಸುವವರಿಗೆ, ವೃದ್ಧರ ಆರೈಕೆ ಮಾಡುವವರಿಗೆ, ಗಂಟೆಗಿಷ್ಟೆಂದು ಕೂಲಿ ಪಡೆಯುವವರಿಗೆ ಅದು ಮನೆ ಬಾಡಿಗೆಯ ಪ್ರಶ್ನೆ.

ಅತ್ತ ಬೆಂಗಳೂರಿನಲ್ಲಿ ಅದೇ ವರ್ಷದ ಮಾರ್ಚಿನಲ್ಲಿ 1897ರ ಅದೇ ಕಾಯ್ದೆಯಡಿ ನಿಯಮಗಳು ಬಂದವು. ಕಟ್ಟಡ ಕೆಲಸದ ವಲಸೆ ಕಾರ್ಮಿಕರಿಗೆ ತಗಡಿನ ಶೆಡ್ಡೇ ಮನೆ, ಕೂಲಿ ನಿಂತರೆ ಊಟವಿಲ್ಲ. ಅವರು ಹಳೆಯ ಸಲಹೆಯನ್ನೇ ನೆಚ್ಚಿ ಊರು ಬಿಟ್ಟು ಊರಿಗೆ ಹೊರಟರು. ಮೇ ತಿಂಗಳ ಮೊದಲ ವಾರದಲ್ಲಿ ರಾಜ್ಯ ಸರ್ಕಾರ ಅವರ ರೈಲುಗಳನ್ನು ರದ್ದು ಮಾಡಿ, ಎಲ್ಲೆಡೆಯಿಂದ ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಬಾಗಿಲು ಹಾಕಿ ಎಂಬ ಸಲಹೆ, ಊರು ಬಿಡಿ ಎಂಬ ಸಲಹೆ, ಎರಡೂ ಅವರ ಪಾಲಿಗೆ ಮುಚ್ಚಿದ ದಾರಿಗಳೇ ಆದವು.

ಪ್ಲೇಗಿಗೆ ಇಂದು ಅಗ್ಗದ ಆಂಟಿಬಯಾಟಿಕ್ ಇದೆ. ಬೇಗ ಕೊಟ್ಟರೆ ಬಹುತೇಕ ರೋಗಿಗಳು ಬದುಕುತ್ತಾರೆ. ಆದರೂ 1994ರಲ್ಲಿ ಸೂರತ್ತಿನಿಂದ ಜನ ಲಕ್ಷಗಟ್ಟಲೆ ಓಡಿದರು, 2017ರಲ್ಲಿ ಮಡಗಾಸ್ಕರಿನಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಕೋಲಾರದ ಗಡಿಸೀಮೆ ಒಂದು ಕಾಲಕ್ಕೆ ಕಾಡಿಲಿಗಳಲ್ಲಿ ಪ್ಲೇಗು ನೆಲೆಸಿದ್ದ ಪ್ರದೇಶ. ಇಲಿ, ಚಿಗಟಗಳ ಮೇಲೆ ಕಣ್ಣಿಡುವ ರಾಷ್ಟ್ರೀಯ ಘಟಕವೊಂದು ಬೆಂಗಳೂರಿನಲ್ಲಿ ಇದೆ. ಮದ್ದು ಇದ್ದೂ ಜನ ಸಾಯುವುದು, ಓಡುವುದು ಮದ್ದಿನ ಕೊರತೆಯಿಂದಲ್ಲ. ಮದ್ದು ಸಮಯಕ್ಕೆ ತಲುಪುತ್ತದೆ, ಹೇಳುವವರು ನಿಜ ಹೇಳುತ್ತಿದ್ದಾರೆ ಎಂಬ ಭರವಸೆಯ ಕೊರತೆಯಿಂದ.

ಆದ್ದರಿಂದ ಯಾವುದೇ ಆರೋಗ್ಯ ಸಲಹೆ, ಅದು ಕೊಲಿಂಡೇಲ್‌ನಿಂದ ಬರಲಿ, ಬೆಂಗಳೂರಿನ ಆರೋಗ್ಯ ಸೌಧದಿಂದ ಬರಲಿ, ಅಜ್ಜಿಯ ಬಾಯಿಂದಲೇ ಬರಲಿ, ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಇದನ್ನು ಯಾರು, ಹೇಗೆ ಪರೀಕ್ಷಿಸಿ ಕಂಡರು? ಇದನ್ನು ಪಾಲಿಸಲು ತಗಲುವ ಖರ್ಚು ಯಾರದು? ಹೇಳುವವರು ತಮ್ಮ ಮನೆಯಲ್ಲೂ ಇದನ್ನೇ ಪಾಲಿಸುತ್ತಾರೆಯೇ? ಮೊದಲ ಪ್ರಶ್ನೆಗೆ ಉತ್ತರವಿಲ್ಲದ ಸಲಹೆ ಸುಟ್ಟ ಈರುಳ್ಳಿಯ ಸಾಲಿಗೆ ಸೇರುತ್ತದೆ, ಎಷ್ಟು ಪ್ರಾಚೀನವಾದರೂ ಸರಿ. ಉಳಿದೆರಡಕ್ಕೆ ಉತ್ತರವಿಲ್ಲದ ಸಲಹೆ ಕೆಂಪು ಶಿಲುಬೆಯ ಬಾಗಿಲಾಗುತ್ತದೆ, ಎಷ್ಟು ವೈಜ್ಞಾನಿಕವಾದರೂ ಸರಿ. ಮುಂದಿನ ಪಿಡುಗಿಗೆ ಸಿದ್ಧತೆ ಎಂದರೆ ಲಸಿಕೆ, ಪ್ರಯೋಗಾಲಯಗಳಷ್ಟೇ ಅಲ್ಲ. ಕಾಯಿಲೆ ಬಿದ್ದ ದಿನದ ಕೂಲಿ, ಗಾಳಿ ಬೆಳಕಿರುವ ಮನೆ, ಮನೆಮನೆಗೆ ಹೋಗಿ ಮಾತಾಡುವ ಆಶಾ ಕಾರ್ಯಕರ್ತೆಗೆ ಸರಿಯಾದ ಸಂಬಳ, ಇವೂ ಸಿದ್ಧತೆಯೇ. ಇವು ಆರೋಗ್ಯ ಇಲಾಖೆಯ ಬಜೆಟ್ಟಿಗೆ ಹೊರಗಿನ ವಿಷಯ ಎನ್ನುವ ತನಕ ನಮ್ಮ ಸಲಹೆಗಳು ಉಳ್ಳವರನ್ನು ಉಳಿಸಿ, ಇಲ್ಲದವರನ್ನು ದೂರುತ್ತಲೇ ಇರುತ್ತವೆ.